ಅಣ್ವಸ್ತ್ರಗಳಿಗೆ ಬಲೆ ಬೀಸಿದ ಸೂಪರ್‌ಮ್ಯಾನ್

ವಿಶ್ವಸಂಸ್ಥೆಯ ಕೇಂದ್ರ ಕಚೇರಿ ನ್ಯೂಯಾರ್ಕಿನಲ್ಲಿದೆ ಎಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ 1987ರಲ್ಲಿ ತೆರೆಕಂಡ 'ಸೂಪರ್‌ಮ್ಯಾನ್ 4: ದಿ ಕ್ವೆಸ್ಟ್ ಫಾರ್ ಪೀಸ್' ಎಂಬ ಚಿತ್ರದಲ್ಲಿ ಅದು ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ಎಂಬ ಊರಿನ ರೈಲು ನಿಲ್ದಾಣದಲ್ಲಿದೆ! 1967ರಲ್ಲಿ ಸರ್ಕಾರ ಯೋಜನೆ ಹಾಕಿ ಕಟ್ಟಲು ಹೊರಟ ಹೊಸ ನಗರ ಮಿಲ್ಟನ್ ಕೀನ್ಸ್. 1982ರಲ್ಲಿ ತೆರೆದ ಅಲ್ಲಿನ ಗಾಜಿನ ಮೈಯ ರೈಲು ನಿಲ್ದಾಣವನ್ನೇ ಚಿತ್ರದಲ್ಲಿ ವಿಶ್ವಸಂಸ್ಥೆ ಎಂದು ತೋರಿಸಲಾಯಿತು. ನೀಲಿ ಉಡುಪು, ಕೆಂಪು ಮೇಲುಹೊದಿಕೆಯ ಸೂಪರ್‌ಮ್ಯಾನ್ ಅದರ ಎದುರು ನಡೆದು ಬರುತ್ತಾನೆ. ಹಿಂದೆ ಮುಂದೆ ಮಕ್ಕಳು, ಪತ್ರಕರ್ತರು. ಒಳಗೆ ಹೋದ ಆತ ಎಲ್ಲ ರಾಷ್ಟ್ರಗಳ ಪ್ರತಿನಿಧಿಗಳ ಮುಂದೆ ನಿಂತು, ಭೂಮಿಯ ಮೇಲಿರುವ ಎಲ್ಲ ಅಣ್ವಸ್ತ್ರಗಳನ್ನೂ ತಾನೇ ತೊಲಗಿಸುವುದಾಗಿ ಸಾರುತ್ತಾನೆ. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ.

ಸೂಪರ್‌ಮ್ಯಾನ್ ಪಾತ್ರ ವಹಿಸಿದ್ದ ಕ್ರಿಸ್ಟೋಫರ್ ರೀವ್ ಮುಂದೆ 1998ರಲ್ಲಿ ಬರೆದ 'ಸ್ಟಿಲ್ ಮಿ' ಎಂಬ ಆತ್ಮಕಥೆಯಲ್ಲಿ ಈ ದೃಶ್ಯವನ್ನು ನೆನೆದು ನಿಟ್ಟುಸಿರು ಬಿಟ್ಟಿದ್ದಾರೆ. ಚಿತ್ರಕಥೆಯಲ್ಲಿ ಇದ್ದದ್ದು ಬೇರೆ. ಸೂಪರ್‌ಮ್ಯಾನ್ ನ್ಯೂಯಾರ್ಕಿನ 42ನೇ ಬೀದಿಯಲ್ಲಿ ಬಂದಿಳಿಯಬೇಕು, ಗಿಜಿಗುಡುವ ಆ ರಸ್ತೆಯ ನಟ್ಟನಡುವೆ ನಡೆಯುತ್ತ ವಿಶ್ವಸಂಸ್ಥೆಗೆ ಹೋಗಬೇಕು. ಆದದ್ದೇನು? ಇಂಗ್ಲೆಂಡಿನ ಮಳೆ, ನೂರರ ಆಸುಪಾಸಿನ ಸಹಕಲಾವಿದರು, ಒಂದೂ ಕಾರಿಲ್ಲದ ರಸ್ತೆ. ನಗರದ ಕಳೆ ಬರಲೆಂದು ಹಾರಿಬಿಟ್ಟ ಒಂದು ಡಜನ್ ಪಾರಿವಾಳ!

ಮಕ್ಕಳೊಂದಿಗೆ ಇಡೀ ಕುಟುಂಬ ಕುಳಿತು ನೋಡಲೆಂದು ತಯಾರಾದ ಈ ಚಿತ್ರ, ಸಾಹಸ ಚಿತ್ರಗಳ ಇತಿಹಾಸದಲ್ಲಿ ನಿರಾಶೆಯ ಇನ್ನೊಂದು ಹೆಸರಾಗಿ ಉಳಿದುಬಿಟ್ಟಿದೆ. ಹಣವಿಲ್ಲದೆ ಕೆಟ್ಟ ಚಿತ್ರ ಎಂಬುದು ಸಾಮಾನ್ಯವಾಗಿ ಕೇಳಿಬರುವ ತೀರ್ಪು. ಅದು ಸುಳ್ಳಲ್ಲ, ಆದರೆ ಅರ್ಧ ಸತ್ಯ. ಇನ್ನರ್ಧ ಸಿಗಬೇಕಾದರೆ ಆ ಚಿತ್ರಕ್ಕಿಂತ ಅರ್ಧ ಶತಮಾನ ಹಿಂದಕ್ಕೆ ಹೋಗಬೇಕು.

ಹಿಟ್ಲರನ ಕೊರಳಪಟ್ಟಿ

ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಇಬ್ಬರು ಯುವಕರು, ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್, ಸೃಷ್ಟಿಸಿದ ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡದ್ದು 1938ರಲ್ಲಿ, 'ಆಕ್ಷನ್ ಕಾಮಿಕ್ಸ್' ಎಂಬ ಚಿತ್ರಕಥಾ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ. ಅದರ ಹಕ್ಕಿಗೆ ಈ ಗೆಳೆಯರಿಗೆ ಸಿಕ್ಕಿದ್ದು 130 ಡಾಲರ್. ಆರಂಭದ ಕಥೆಗಳಲ್ಲಿ ಆತ ಹೊಡೆದು ಬುದ್ಧಿ ಕಲಿಸುತ್ತಿದ್ದುದು ಹೆಂಡತಿಯನ್ನು ಬಡಿಯುವ ಗಂಡ, ಲಂಚಕೋರ ರಾಜಕಾರಣಿ, ಗಣಿ ಕಾರ್ಮಿಕರ ಸುರಕ್ಷತೆಯನ್ನು ಕಡೆಗಣಿಸಿದ ಮಾಲೀಕ ಇಂಥವರಿಗೆ. ಬೇರೆ ಗ್ರಹಗಳಿಂದ ಬರುವ ರಾಕ್ಷಸರ ಕಾಟ ಶುರುವಾದದ್ದು ಆಮೇಲೆ.

ಎರಡನೇ ಮಹಾಯುದ್ಧ ಆರಂಭವಾದ ಕೂಡಲೇ ಓದುಗರ ಮನಸ್ಸಿನಲ್ಲಿ ಒಂದು ಪ್ರಶ್ನೆ ಹುಟ್ಟಿತು. ಇಷ್ಟು ಬಲಶಾಲಿಯಾದವನು ಈ ಯುದ್ಧವನ್ನೇಕೆ ನಿಲ್ಲಿಸಬಾರದು? 1940ರ ಫೆಬ್ರುವರಿಯಲ್ಲಿ 'ಲುಕ್' ಪತ್ರಿಕೆ ಸೀಗಲ್ ಮತ್ತು ಶುಸ್ಟರ್ ಅವರಿಂದಲೇ ಅದಕ್ಕೆ ಉತ್ತರ ಬರೆಸಿತು. ಎರಡೇ ಪುಟದ ಕಥೆ. ಸೂಪರ್‌ಮ್ಯಾನ್ ಜರ್ಮನಿಗೆ ಹಾರಿ ಹಿಟ್ಲರನ ಕೊರಳಪಟ್ಟಿ ಹಿಡಿದೆತ್ತುತ್ತಾನೆ. ಅಲ್ಲಿಂದ ಮಾಸ್ಕೋಗೆ ಹೋಗಿ ಸ್ಟಾಲಿನ್‌ನನ್ನೂ ಎತ್ತಿಕೊಳ್ಳುತ್ತಾನೆ. ಆಗ ಅವರಿಬ್ಬರ ನಡುವೆ ಒಪ್ಪಂದವಿದ್ದ ಕಾಲ. ಇಬ್ಬರನ್ನೂ ಜಿನೀವಾದ ರಾಷ್ಟ್ರಸಂಘದ ಮುಂದೆ ಇಳಿಸುತ್ತಾನೆ, ಅವರು ತಪ್ಪಿತಸ್ಥರೆಂದು ತೀರ್ಪಾಗುತ್ತದೆ, ಯುದ್ಧ ಮುಗಿಯುತ್ತದೆ. ಹಿಟ್ಲರನ ಎಸ್.ಎಸ್. ಪಡೆಯ ವಾರಪತ್ರಿಕೆ ಇದರಿಂದ ಎಷ್ಟು ಕೆರಳಿತೆಂದರೆ, ಅದೇ ಏಪ್ರಿಲಿನಲ್ಲಿ ಯೆಹೂದಿ ಮನೆತನದ ಸೀಗಲ್ ಅವರನ್ನು ಹೀನಾಯವಾಗಿ ಜರೆದು ಲೇಖನವನ್ನೇ ಪ್ರಕಟಿಸಿತು.

ಕಾಗದದ ಮೇಲೆ ಎರಡು ಪುಟದಲ್ಲಿ ಮುಗಿದ ಯುದ್ಧ ಭೂಮಿಯ ಮೇಲೆ ಮುಗಿಯಲಿಲ್ಲ. 1941ರ ಡಿಸೆಂಬರಿನಲ್ಲಿ ಅಮೆರಿಕವೂ ಕಣಕ್ಕಿಳಿಯಿತು. ಇದು ಕಥೆಗಾರರಿಗೆ ಇಕ್ಕಟ್ಟಿನ ಕಾಲ. ನಾಯಕ ಯುದ್ಧಕ್ಕೆ ಹೋದರೆ ಅರ್ಧ ಗಂಟೆಯಲ್ಲಿ ಗೆಲ್ಲಬೇಕು, ಗೆದ್ದರೆ ಮರುದಿನದ ಪತ್ರಿಕೆಯ ಮುಖಪುಟ ಅವನನ್ನು ಸುಳ್ಳುಗಾರನನ್ನಾಗಿ ಮಾಡುತ್ತದೆ. ಹೋಗದಿದ್ದರೆ ಹೇಡಿ ಎನ್ನಿಸಿಕೊಳ್ಳುತ್ತಾನೆ. ಅವರು ಹೂಡಿದ ಉಪಾಯ ಸ್ವಾರಸ್ಯಕರ. 1942ರ ದಿನಪತ್ರಿಕೆಯ ಚಿತ್ರಕಥೆಯಲ್ಲಿ, ಪತ್ರಕರ್ತ ಕ್ಲಾರ್ಕ್ ಕೆಂಟ್‌ನ ವೇಷದಲ್ಲಿರುವ ಸೂಪರ್‌ಮ್ಯಾನ್ ಸೇನೆಗೆ ಸೇರಲು ಹೋಗುತ್ತಾನೆ. ಕಣ್ಣಿನ ಪರೀಕ್ಷೆ ನಡೆಯುತ್ತದೆ. ಉತ್ಸಾಹದಲ್ಲಿ ಆತನ ಕ್ಷಕಿರಣ ದೃಷ್ಟಿ ಗೋಡೆಯನ್ನು ತೂರಿ, ಪಕ್ಕದ ಕೋಣೆಯಲ್ಲಿ ತೂಗುಹಾಕಿದ್ದ ಅಕ್ಷರಗಳ ಪಟವನ್ನು ಓದಿಬಿಡುತ್ತದೆ! ವೈದ್ಯರು ದೃಷ್ಟಿ ದೋಷವೆಂದು ಬರೆದು ಮನೆಗೆ ಕಳಿಸುತ್ತಾರೆ. ಮುಂದೆ ಯುದ್ಧ ಮುಗಿಯುವವರೆಗೆ ಆತ ದೇಶದೊಳಗಿನ ಗೂಢಚಾರರನ್ನು ಹಿಡಿಯುತ್ತ ಕಾಲ ಕಳೆದ.

ಈ ಕಣ್ಣಿನ ಪರೀಕ್ಷೆ ಬರೀ ಹಾಸ್ಯಪ್ರಸಂಗವಲ್ಲ. ಮಹಾಬಲನ ಕಥೆ ಬರೆಯುವವರು ಕಲಿಯಬೇಕಾದ ಮೊದಲ ಪಾಠ ಅದರಲ್ಲಿದೆ. ಊಹಿಸಿದ ಕೇಡನ್ನು ಊಹಿಸಿದ ನಾಯಕ ಸೋಲಿಸಬಹುದು. ಓದುಗನ ಮನೆಯೊಳಗೇ ಕುಳಿತಿರುವ ನಿಜವಾದ ಭಯವನ್ನು ಸೋಲಿಸಿದರೆ ಓದುಗನೇ ನಂಬುವುದಿಲ್ಲ. 1987ರ ಚಿತ್ರ ಈ ಪಾಠವನ್ನು ಬದಿಗಿಟ್ಟು ಹೊರಟಿತು. ಹೊರಡಿಸಿದವರು ಸ್ವತಃ ರೀವ್.

ಒಲ್ಲೆನೆಂದವನು ಒಪ್ಪಿದ್ದು

ರೀವ್ ಸೂಪರ್‌ಮ್ಯಾನ್ ಪಾತ್ರಕ್ಕೆ ಆಯ್ಕೆಯಾದಾಗ ಅವರಿಗೆ 24 ವರ್ಷ. ರಂಗಭೂಮಿಯ ಹುಡುಗ, ಎತ್ತರದ ಆದರೆ ಸಪೂರ ಮೈಕಟ್ಟು. 'ಸ್ಟಾರ್ ವಾರ್ಸ್' ಚಿತ್ರದಲ್ಲಿ ಡಾರ್ತ್ ವೇಡರ್‌ನ ಕಪ್ಪು ಕವಚದೊಳಗಿದ್ದ ಡೇವಿಡ್ ಪ್ರೌಸ್ ಅವರ ಗರಡಿಯಲ್ಲಿ ಪಳಗಿ ಮೈ ಬೆಳೆಸಿದರು. ರಿಚರ್ಡ್ ಡಾನರ್ ನಿರ್ದೇಶನದ ಮೊದಲ ಚಿತ್ರ 1978ರಲ್ಲಿ ಬಂತು. ವೆಚ್ಚ ಸುಮಾರು 5.5 ಕೋಟಿ ಡಾಲರ್. ಮನುಷ್ಯ ಹಾರಬಲ್ಲನೆಂದು ನೀವು ನಂಬುವಿರಿ ಎಂಬರ್ಥದ ಅದರ ಜಾಹೀರಾತನ್ನು ಜನ ನಿಜವಾಗಿಯೂ ನಂಬಿದರು. ಅಮೆರಿಕ ಒಂದರಲ್ಲೇ 13 ಕೋಟಿ ಡಾಲರಿಗೂ ಹೆಚ್ಚು ಗಳಿಕೆ ಆಯಿತು. ಎರಡನೆಯ ಚಿತ್ರವೂ ಗೆದ್ದಿತು. 1983ರ ಮೂರನೆಯದರಲ್ಲಿ ಹಾಸ್ಯನಟ ರಿಚರ್ಡ್ ಪ್ರಯರ್ ಅವರನ್ನು ತಂದು ಕುಚೇಷ್ಟೆ ಹೆಚ್ಚಿಸಿದಾಗ ಗಳಿಕೆ ಇಳಿಯಿತು. ಮರುವರ್ಷದ 'ಸೂಪರ್‌ಗರ್ಲ್' ನೆಲ ಕಚ್ಚಿತು. ನಿರ್ಮಾಪಕರಾದ ಸಾಲ್ಕಿಂಡ್ ತಂದೆ ಮಕ್ಕಳಿಗೆ ಸಾಕೆನಿಸಿತು. ಹಕ್ಕುಗಳನ್ನು ಕ್ಯಾನನ್ ಎಂಬ ಸಂಸ್ಥೆಗೆ ದಾಟಿಸಿದರು. ರೀವ್ ಕೂಡ ಈ ಉಡುಪು ಇನ್ನು ಬೇಡವೆಂದೇ ಇದ್ದರು.

ಕ್ಯಾನನ್ ಸಂಸ್ಥೆಯ ಕಥೆಯೇ ಒಂದು ಸಿನಿಮಾ. ಇಸ್ರೇಲಿನಿಂದ ಬಂದ ಮೆನಾಹೆಮ್ ಗೋಲಾನ್ ಮತ್ತು ಯೋರಮ್ ಗ್ಲೋಬಸ್ ಎಂಬ ಸಂಬಂಧಿಗಳು 1979ರಲ್ಲಿ ಐದು ಲಕ್ಷ ಡಾಲರಿಗೆ ಕೊಂಡುಕೊಂಡ ಸಣ್ಣ ಕಂಪನಿ ಅದು. ಚಕ್ ನಾರಿಸ್ ಒದೆಯುವ, ಚಾರ್ಲ್ಸ್ ಬ್ರಾನ್ಸನ್ ಗುಂಡು ಹಾರಿಸುವ ಅಗ್ಗದ ಚಿತ್ರಗಳನ್ನು ಸಂತೆಗೆ ತಳ್ಳಿದಂತೆ ತಳ್ಳುತ್ತಿದ್ದರು. ಜೊತೆಗೇ ಕಲಾತ್ಮಕ ಚಿತ್ರಗಳ ಗೀಳೂ ಇತ್ತು. ಫ್ರಾನ್ಸಿನ ಗೊಡಾರ್ ಅವರೊಂದಿಗೆ 'ಕಿಂಗ್ ಲಿಯರ್' ಚಿತ್ರದ ಕರಾರನ್ನು ಊಟದ ಮೇಜಿನ ಕೈವಸ್ತ್ರದ ಮೇಲೇ ಬರೆದು ಸಹಿ ಹಾಕಿದ ಭೂಪರು ಇವರು! 1986ರ ಹೊತ್ತಿಗೆ ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೋವನ್ನೂ ಅಲ್ಲಿನ ದೊಡ್ಡದೊಂದು ಚಿತ್ರಮಂದಿರ ಸರಣಿಯನ್ನೂ ಸಾಲ ಮಾಡಿ ಕೊಂಡಿದ್ದರು. ಕೈಯಲ್ಲಿದ್ದುದು ಮಾತ್ರ ಕಡಿಮೆ.

ರೀವ್ ಅವರನ್ನು ಒಪ್ಪಿಸಲು ಕ್ಯಾನನ್ ಎರಡು ಆಸೆ ತೋರಿಸಿತು. ಒಂದು, ಅವರಿಗಿಷ್ಟವಾದ 'ಸ್ಟ್ರೀಟ್ ಸ್ಮಾರ್ಟ್' ಎಂಬ ಚಿತ್ರವನ್ನು ತಾನು ನಿರ್ಮಿಸುವುದು. ಮಾತು ಉಳಿಸಿಕೊಂಡಿತು. ಆ ಚಿತ್ರ ಓಡಲಿಲ್ಲ, ಆದರೆ ಅದರಲ್ಲಿ ನಟಿಸಿದ ಮಾರ್ಗನ್ ಫ್ರೀಮನ್ ಆಸ್ಕರ್ ನಾಮಕರಣ ಪಡೆದು ಬೆಳಕಿಗೆ ಬಂದರು. ಈ ಇಡೀ ವ್ಯವಹಾರದಲ್ಲಿ ಜಗತ್ತಿಗೆ ಸಿಕ್ಕ ಲಾಭ ಇದೇ ಎನ್ನಬೇಕು. ಎರಡನೆಯ ಆಸೆ, ಸೂಪರ್‌ಮ್ಯಾನ್‌ನ ಹೊಸ ಕಥೆಯನ್ನು ರೀವ್ ಅವರೇ ರೂಪಿಸಬಹುದೆಂಬುದು. ರೀವ್ ಆರಿಸಿಕೊಂಡ ವಿಷಯ ಅಣ್ವಸ್ತ್ರ.

ಆ ಆಯ್ಕೆ ಹುಚ್ಚಾಟವಾಗಿರಲಿಲ್ಲ. 1986ರಲ್ಲಿ ಜಗತ್ತಿನಲ್ಲಿದ್ದ ಅಣುಸಿಡಿತಲೆಗಳ ಸಂಖ್ಯೆ ಸುಮಾರು 70 ಸಾವಿರ. ಅದಕ್ಕೆ ಮೊದಲಾಗಲೀ ಆಮೇಲಾಗಲೀ ಅಷ್ಟಿರಲಿಲ್ಲ. ಅಣುಯುದ್ಧದ ನಂತರದ ಅಮೆರಿಕವನ್ನು ತೋರಿಸಿದ 'ದಿ ಡೇ ಆಫ್ಟರ್' ಎಂಬ ದೂರದರ್ಶನ ಚಿತ್ರವನ್ನು 1983ರ ನವೆಂಬರಿನ ಒಂದೇ ರಾತ್ರಿ ಸುಮಾರು ಹತ್ತು ಕೋಟಿ ಅಮೆರಿಕನ್ನರು ನೋಡಿದ್ದರು. ಯುದ್ಧ ಮಾಡುವಿರಾ ಎಂದು ಸೋವಿಯತ್ ನಾಯಕ ಆಂದ್ರೊಪೊವ್ ಅವರಿಗೆ 1982ರಲ್ಲಿ ಕಾಗದ ಬರೆದು, ಉತ್ತರ ಪಡೆದು, ಮರುವರ್ಷ ಆ ದೇಶಕ್ಕೇ ಹೋಗಿಬಂದಿದ್ದ ಹತ್ತು ವರ್ಷದ ಬಾಲಕಿ ಸಮಂತಾ ಸ್ಮಿತ್ 1985ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದಳು. ಚಿತ್ರದಲ್ಲಿ ಜೆರೆಮಿ ಎಂಬ ಶಾಲಾ ಹುಡುಗ ಸೂಪರ್‌ಮ್ಯಾನ್‌ಗೆ ಕಾಗದ ಬರೆದು ಈ ಅಸ್ತ್ರಗಳನ್ನು ತೊಲಗಿಸೆಂದು ಕೇಳಿಕೊಳ್ಳುವಾಗ ಅಂದಿನ ಪ್ರೇಕ್ಷಕರಿಗೆ ಅವಳ ನೆನಪಾಗದೇ ಇದ್ದೀತೆ?

ಕಾಸಿಗೆ ತಕ್ಕ ಕಜ್ಜಾಯ

ಲಾರೆನ್ಸ್ ಕಾನರ್ ಮತ್ತು ಮಾರ್ಕ್ ರೋಸೆಂತಾಲ್ ಚಿತ್ರಕಥೆ ಬರೆದರು. ನಿರ್ದೇಶನದ ಹೊಣೆ ಸಿಡ್ನಿ ಜೆ. ಫ್ಯೂರಿ ಅವರದು. ಮೊದಲು ಗೊತ್ತುಮಾಡಿದ್ದ ವೆಚ್ಚ ಸುಮಾರು 3.6 ಕೋಟಿ ಡಾಲರ್. ಚಿತ್ರೀಕರಣ ಶುರುವಾಗುವ ಹೊತ್ತಿಗೆ ಅದನ್ನು 1.7 ಕೋಟಿಗೆ ಇಳಿಸಲಾಯಿತು. ಒಂಬತ್ತು ವರ್ಷ ಹಿಂದಿನ ಮೊದಲ ಚಿತ್ರದ ವೆಚ್ಚದ ಮೂರನೇ ಒಂದಂಶಕ್ಕೂ ಕಡಿಮೆ! ಆಗ ಕ್ಯಾನನ್ ಕೈಯಲ್ಲಿ ಮೂವತ್ತರ ಹತ್ತಿರ ಚಿತ್ರಗಳಿದ್ದವು. ಅವುಗಳಲ್ಲಿ ಇದೂ ಒಂದು, ಅಷ್ಟೇ.

ಪರಿಣಾಮ ತೆರೆಯ ಮೇಲೆ ಎದ್ದು ಕಾಣುತ್ತದೆ. ಸೂಪರ್‌ಮ್ಯಾನ್ ಮುಷ್ಟಿ ಮುಂದೆ ಚಾಚಿ ಕ್ಯಾಮೆರಾದ ಕಡೆಗೇ ಹಾರಿಬರುವ ಒಂದೇ ತುಣುಕನ್ನು ಹಿನ್ನೆಲೆ ಬದಲಿಸಿ ಮತ್ತೆ ಮತ್ತೆ ಅಂಟಿಸಿದ್ದಾರೆ. ಕೆಲವೆಡೆ ತೂಗುಹಾಕಿದ ತಂತಿಯೇ ಕಾಣುತ್ತದೆ. ಒಡೆದ ಚೀನಾದ ಮಹಾಗೋಡೆಯನ್ನು ಸೂಪರ್‌ಮ್ಯಾನ್ ಬರೀ ನೋಟದಿಂದ ಜೋಡಿಸಿಬಿಡುತ್ತಾನೆ. ಅಂಥದೊಂದು ಶಕ್ತಿ ಅವನಿಗಿದೆಯೆಂದು ಅಲ್ಲಿಯವರೆಗೆ ಯಾರಿಗೂ ಗೊತ್ತಿರಲಿಲ್ಲ. ಖಳನು ಮೇರಿಯಲ್ ಹೆಮಿಂಗ್ವೇ ಅವರ ಪಾತ್ರವನ್ನು ಹೊತ್ತು ಅಂತರಿಕ್ಷಕ್ಕೇ ಹಾರುತ್ತಾನೆ. ಆಕೆ ಅಲ್ಲಿ ಗಾಳಿಯಿಲ್ಲದೆಯೂ ಮಾಮೂಲಿ ಉಡುಪಿನಲ್ಲೇ ಉಸಿರಾಡುತ್ತಾಳೆ! ಎಂಟು ವರ್ಷದ ಮಗು ಕೂಡ ಅಪ್ಪನ ಕಡೆ ತಿರುಗಿ ಹೇಗೆಂದು ಕೇಳಬಹುದಾದ ಜಾಗ ಇದು. ಮಕ್ಕಳ ಚಿತ್ರವಾದ್ದರಿಂದ ಏನೂ ನಡೆಯುತ್ತದೆ ಎಂದುಕೊಂಡವರಿಗೆ ಮಕ್ಕಳನ್ನು ಗೊತ್ತಿಲ್ಲ.

ಸಾಲದೆಂಬಂತೆ ಸಿದ್ಧವಾಗಿದ್ದ ಚಿತ್ರದಿಂದ ಸುಮಾರು 45 ನಿಮಿಷ ಕತ್ತರಿಸಿ ಒಂದೂವರೆ ಗಂಟೆಗೆ ಇಳಿಸಿದರು. ಖಳನಾಯಕ 'ನ್ಯೂಕ್ಲಿಯರ್ ಮ್ಯಾನ್'ಗಿಂತ ಮೊದಲು ಹುಟ್ಟಿ ಕೆಟ್ಟುಹೋಗುವ ಇನ್ನೊಬ್ಬ ನ್ಯೂಕ್ಲಿಯರ್ ಮ್ಯಾನ್ ಇದ್ದ. ಕ್ಲೈವ್ ಮ್ಯಾಂಟಲ್ ಎಂಬ ನಟ ಅಭಿನಯಿಸಿದ್ದ ಆ ಪಾತ್ರ ಇಡಿಯಾಗಿ ಮಾಯವಾಯಿತು. ಕತ್ತರಿಸಿದ ಭಾಗಗಳಲ್ಲಿ ಕೆಲವು 2006ರ ಡಿವಿಡಿಯಲ್ಲಿ ಹೊರಬಂದವು.

ಚಿತ್ರದಲ್ಲಿ ಒಂದು ಉಪಕಥೆ ಇದೆ. ಕ್ಲಾರ್ಕ್ ಕೆಂಟ್ ಕೆಲಸ ಮಾಡುವ 'ಡೈಲಿ ಪ್ಲಾನೆಟ್' ಪತ್ರಿಕೆಯನ್ನು ವಾರ್‌ಫೀಲ್ಡ್ ಎಂಬ ಹಣವಂತ ಕೊಂಡು, ಸುದ್ದಿಯನ್ನು ತಳ್ಳಿ ರೋಚಕ ಶೀರ್ಷಿಕೆಗಳನ್ನು ತುಂಬುತ್ತಾನೆ. ರೂಪರ್ಟ್ ಮರ್ಡೋಕ್ ಅವರ ಪತ್ರಿಕೆಗಳ ವಿರುದ್ಧ ಲಂಡನ್ನಿನ ವಾಪಿಂಗ್‌ನಲ್ಲಿ ಮುದ್ರಣ ಕಾರ್ಮಿಕರು 1986ರಿಂದ ಒಂದು ವರ್ಷ ಕಾಲ ಮುಷ್ಕರ ಹೂಡಿದ್ದ ಸಮಯ ಅದು. ನಿಜ ಹೇಳಬೇಕೆಂದರೆ ಚಿತ್ರದ ಜೀವಂತ ಭಾಗ ಇದೇ. ವಾರ್‌ಫೀಲ್ಡ್ ಪಾತ್ರಧಾರಿ ಸ್ಯಾಮ್ ವಾನಮೇಕರ್ ಲಂಡನ್ನಿನಲ್ಲಿ ಶೇಕ್ಸ್‌ಪಿಯರನ ಗ್ಲೋಬ್ ರಂಗಮಂದಿರವನ್ನು ಮತ್ತೆ ಕಟ್ಟಿಸಲು ದಶಕಗಟ್ಟಲೆ ದುಡಿದವರು; 1997ರಲ್ಲಿ ಅದು ತೆರೆಯುವುದನ್ನು ನೋಡಲು ಅವರು ಉಳಿದಿರಲಿಲ್ಲ.

ಬಲೆಯೊಳಗಿನ ಕ್ಷಿಪಣಿಗಳು

ಹಣದ ಕೊರತೆಯನ್ನು ಹೀಗೆ ಬೇಕಾದಷ್ಟು ಪಟ್ಟಿ ಮಾಡಬಹುದು. ಆದರೆ 3.6 ಕೋಟಿ ಡಾಲರೂ ಕೈಗೆ ಬಂದಿದ್ದರೆ ಚಿತ್ರ ಉಳಿಯುತ್ತಿತ್ತೆ? ಕಥೆಯನ್ನು ನೋಡಿದರೆ ಹಾಗನ್ನಿಸುವುದಿಲ್ಲ.

ವಿಶ್ವಸಂಸ್ಥೆಯಲ್ಲಿ ಭಾಷಣ ಮಾಡಿದ ಮೇಲೆ ಸೂಪರ್‌ಮ್ಯಾನ್ ಆಕಾಶದಲ್ಲಿ ಒಂದು ದೊಡ್ಡ ಬಲೆ ಹಿಡಿದು ನಿಲ್ಲುತ್ತಾನೆ. ದೇಶ ದೇಶಗಳಿಂದ ಹಾರಿಬರುವ ಕ್ಷಿಪಣಿಗಳನ್ನು ಮೀನಿನಂತೆ ಅದಕ್ಕೆ ತುಂಬಿ, ಗರಗರ ತಿರುಗಿಸಿ ಸೂರ್ಯನೊಳಗೆ ಎಸೆಯುತ್ತಾನೆ. ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯಿತು! ಯಾವ ಸರ್ಕಾರವೂ ತಕರಾರು ತೆಗೆಯುವುದಿಲ್ಲ. ಯಾರೂ ಒಂದನ್ನು ಬಚ್ಚಿಡುವುದಿಲ್ಲ. ನಿನ್ನ ಮಾತನ್ನು ನಾವೇಕೆ ನಂಬಬೇಕು, ನಿನ್ನನ್ನು ತಡೆಯುವವರು ಯಾರು ಎಂದು ಒಬ್ಬ ಪ್ರತಿನಿಧಿಯೂ ಕೇಳುವುದಿಲ್ಲ. ನಾಟಕ ಹುಟ್ಟಬೇಕಾಗಿದ್ದುದೇ ಅಲ್ಲಿ. ಕ್ರಿಪ್ಟಾನ್ ಗ್ರಹದ ಹಿರಿಯರು ಮನುಷ್ಯರ ವಿಷಯಕ್ಕೆ ಹೋಗಬೇಡವೆಂದು ಹೇಳುವ ಪ್ರಸಂಗವೇನೋ ಇದೆ. ಬಂದಷ್ಟೇ ಬೇಗ ಮುಗಿಯುತ್ತದೆ.

ಮುಂದೆ ಆಗುವುದೇನು? ಜೀನ್ ಹ್ಯಾಕ್‌ಮನ್ ಅಭಿನಯಿಸಿದ ಖಳ ಲೆಕ್ಸ್ ಲೂಥರ್, ವಸ್ತುಸಂಗ್ರಹಾಲಯದಿಂದ ಕದ್ದ ಸೂಪರ್‌ಮ್ಯಾನ್‌ನ ಒಂದು ಕೂದಲೆಳೆಯಿಂದ ನ್ಯೂಕ್ಲಿಯರ್ ಮ್ಯಾನ್‌ನನ್ನು ಹುಟ್ಟಿಸುತ್ತಾನೆ. ಉದ್ದ ಉಗುರಿನ ಆ ಜಟ್ಟಿಯ ಮೈ ಮಾರ್ಕ್ ಪಿಲೋ ಅವರದು, ಧ್ವನಿ ಹ್ಯಾಕ್‌ಮನ್ ಅವರದು. ಅಲ್ಲಿಂದಾಚೆಗೆ ನಿಶ್ಶಸ್ತ್ರೀಕರಣ ಹೋಗಿ ಕುಸ್ತಿ ಉಳಿಯುತ್ತದೆ. ಲೂಥರ್‌ನ ಜೊತೆಗೂಡಿದ್ದ ಶಸ್ತ್ರ ವ್ಯಾಪಾರಿಗಳು, ಅಂದರೆ ಈ ಕಥೆಯ ನಿಜವಾದ ಖಳರು, ಬಂದ ದಾರಿ ತಿಳಿಯದಂತೆ ಮರೆಯಾಗುತ್ತಾರೆ. ಕೊನೆಯಲ್ಲಿ ಸೂಪರ್‌ಮ್ಯಾನ್ ಪತ್ರಕರ್ತರನ್ನು ಕರೆದು, ಶಾಂತಿಯನ್ನು ತಾನು ದಾನವಾಗಿ ಕೊಡಲಾಗದು, ಜನರೇ ಅದನ್ನು ಬಯಸಿ ಸರ್ಕಾರಗಳಿಂದ ಪಡೆಯಬೇಕು ಎಂಬರ್ಥದ ಮಾತಾಡುತ್ತಾನೆ. ಅಧ್ಯಕ್ಷ ಐಸೆನ್‌ಹೋವರ್ 1959ರಲ್ಲಿ ಲಂಡನ್ನಿನಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿದ್ದರು. ಮಾತು ಒಳ್ಳೆಯದೇ. ಆದರೆ ಚಿತ್ರದ ಮೊದಲರ್ಧದಲ್ಲಿ ಕೊಟ್ಟ ಮಾತನ್ನು ಸದ್ದಿಲ್ಲದೆ ಹಿಂದಕ್ಕೆ ತೆಗೆದುಕೊಂಡಂತೆಯೂ ಆಯಿತು. 1942ರ ಕಥೆಗಾರರು ಕಣ್ಣಿನ ಪರೀಕ್ಷೆಯಲ್ಲಿ ನಗಿಸಿ ಜಾರಿಕೊಂಡಿದ್ದರು. ಇವರು ಜಾರಿಕೊಂಡದ್ದು ಉಪದೇಶ ಮಾಡಿ. ನೋಡುವವರಿಗೆ ಮೊದಲನೆಯದೇ ವಾಸಿ.

1987ರ ಜುಲೈ 24ರಂದು ಅಮೆರಿಕದಲ್ಲಿ ಬಿಡುಗಡೆಯಾದ ಚಿತ್ರ ಅಲ್ಲಿ ಗಳಿಸಿದ್ದು ಒಂದೂವರೆ ಕೋಟಿ ಡಾಲರಿನ ಆಸುಪಾಸು. ಕ್ಯಾನನ್ ಸಂಸ್ಥೆ ಅದೇ ಬೇಸಿಗೆಯಲ್ಲಿ ತಂದ 'ಮಾಸ್ಟರ್ಸ್ ಆಫ್ ದಿ ಯೂನಿವರ್ಸ್' ಕೂಡ ಕೈ ಹಿಡಿಯಲಿಲ್ಲ. ಸಾಲದ ಹೊರೆ ಕುತ್ತಿಗೆಗೆ ಬಂದು ಸಂಸ್ಥೆ ಪರರ ಪಾಲಾಯಿತು, 1989ರಲ್ಲಿ ಗೋಲಾನ್ ಹೊರನಡೆದರು. ಮುಂದಿನ ಸೂಪರ್‌ಮ್ಯಾನ್ ಚಿತ್ರ ಬರಲು 19 ವರ್ಷ ಬೇಕಾಯಿತು. 2006ರಲ್ಲಿ ಬಂದ 'ಸೂಪರ್‌ಮ್ಯಾನ್ ರಿಟರ್ನ್ಸ್' ಮೂರನೆಯ ಮತ್ತು ನಾಲ್ಕನೆಯ ಚಿತ್ರಗಳು ನಡೆದೇ ಇಲ್ಲವೆಂಬಂತೆ ಕಥೆ ಮುಂದುವರಿಸಿತು.

ತಮಾಷೆಯೆಂದರೆ, ತೆರೆಯ ಮೇಲೆ ಯಾರೂ ನಂಬದ ಕೆಲಸ ಭೂಮಿಯ ಮೇಲೆ ತುಸುಮಟ್ಟಿಗೆ ನಡೆದೇಹೋಯಿತು. ಚಿತ್ರ ತಯಾರಾಗುತ್ತಿದ್ದ ದಿನಗಳಲ್ಲೇ, 1986ರ ಅಕ್ಟೋಬರಿನಲ್ಲಿ, ರೇಗನ್ ಮತ್ತು ಗೋರ್ಬಚೆವ್ ಐಸ್‌ಲ್ಯಾಂಡಿನ ರೇಕ್ಯವಿಕ್‌ನಲ್ಲಿ ಕುಳಿತು ಎಲ್ಲ ಅಣ್ವಸ್ತ್ರಗಳನ್ನೂ ತೊಲಗಿಸುವ ಮಾತಿನವರೆಗೆ ಹೋಗಿ, ಅಮೆರಿಕದ ಅಂತರಿಕ್ಷ ರಕ್ಷಾ ಯೋಜನೆಯ ವಿಷಯದಲ್ಲಿ ಮುರಿದುಕೊಂಡು ಎದ್ದರು. ಮರುತಿಂಗಳು ದೆಹಲಿಗೆ ಬಂದ ಗೋರ್ಬಚೆವ್, ಅಣ್ವಸ್ತ್ರರಹಿತ ಹಾಗೂ ಅಹಿಂಸಾತ್ಮಕ ಜಗತ್ತಿಗಾಗಿ ರಾಜೀವ್ ಗಾಂಧಿಯವರೊಂದಿಗೆ ಘೋಷಣೆಯೊಂದಕ್ಕೆ ಸಹಿ ಹಾಕಿದರು. 1987ರ ಡಿಸೆಂಬರ್ 8ರಂದು ವಾಷಿಂಗ್ಟನ್ನಿನಲ್ಲಿ ಮಧ್ಯಮ ವ್ಯಾಪ್ತಿಯ ಕ್ಷಿಪಣಿಗಳ ಒಪ್ಪಂದವಾಯಿತು. 1991ರೊಳಗೆ 2,692 ಕ್ಷಿಪಣಿಗಳನ್ನು ಎಣಿಸಿ, ಎದುರು ಪಕ್ಷದ ತಪಾಸಕರ ಕಣ್ಣೆದುರೇ ನಾಶ ಮಾಡಲಾಯಿತು. ಬಲೆ ಬೇಕಾಗಲಿಲ್ಲ, ಬೇಕಾದದ್ದು ವರ್ಷಗಟ್ಟಲೆ ಮಾತುಕತೆ ಮತ್ತು ಒಬ್ಬರ ಅಂಗಳವನ್ನು ಇನ್ನೊಬ್ಬರು ಹೊಕ್ಕು ನೋಡುವ ಹಕ್ಕು. 2019ರ ಆಗಸ್ಟಿನಲ್ಲಿ ಅಮೆರಿಕ ಆ ಒಪ್ಪಂದದಿಂದ ಹೊರಬಂತು.

ರೀವ್ ಆ ಚಿತ್ರದ ಬಗ್ಗೆ ಮುಲಾಜಿಲ್ಲದೆ ಬರೆದಿದ್ದಾರೆ, ಮೊದಲಿಂದ ಕೊನೆಯವರೆಗೆ ಅದೊಂದು ಅನಾಹುತ ಎಂದು. 1995ರ ಮೇ ತಿಂಗಳಲ್ಲಿ ಕುದುರೆಯಿಂದ ಬಿದ್ದು ಕತ್ತಿನಿಂದ ಕೆಳಗೆ ಮೈ ಸ್ವಾಧೀನ ತಪ್ಪಿದ ಮೇಲೆ ಬರೆದ ಪುಸ್ತಕ ಅದು. ಆದರೆ ಚಿತ್ರ ಸೋತ ನಾಲ್ಕೇ ತಿಂಗಳಿಗೆ ಅವರು ಮಾಡಿದ ಇನ್ನೊಂದು ಕೆಲಸವಿದೆ. ಪಿನೊಚೆ ಆಳ್ವಿಕೆಯ ಚಿಲಿಯಲ್ಲಿ 77 ಮಂದಿ ರಂಗಕರ್ಮಿಗಳಿಗೆ ನವೆಂಬರ್ ಮುಗಿಯುವುದರೊಳಗೆ ದೇಶ ಬಿಡಿ, ಇಲ್ಲವೇ ಸಾಯಿರಿ ಎಂಬ ಬೆದರಿಕೆ ಪತ್ರಗಳು ಬಂದಿದ್ದವು. ಚಿಲಿಯ ಲೇಖಕ ಏರಿಯಲ್ ಡಾರ್ಫ್‌ಮನ್ ಕೋರಿದಾಗ ರೀವ್ ವಿಮಾನ ಹತ್ತಿ ಸ್ಯಾಂಟಿಯಾಗೋಗೆ ಹೋದರು. ಸಭೆಗೆ ಗೊತ್ತುಮಾಡಿದ್ದ ಕ್ರೀಡಾಂಗಣಕ್ಕೆ ಅಧಿಕಾರಿಗಳು ಅನುಮತಿ ಕೊಡಲಿಲ್ಲ. ಜನ ಒಂದು ಹಳೆಯ ಗ್ಯಾರೇಜಿನಲ್ಲಿ ಸೇರಿದರು. ಅಲ್ಲಿ ಕಿಕ್ಕಿರಿದು ನಿಂತವರ ನಡುವೆ, ಮಾಮೂಲಿ ಬಟ್ಟೆಯಲ್ಲಿದ್ದ ರೀವ್ ಆ ನಟನಟಿಯರ ಪಕ್ಕದಲ್ಲಿ ನಿಂತು ಮಾತಾಡಿದರು. ಬೆದರಿಕೆ ಬೆದರಿಕೆಯಾಗಿಯೇ ಉಳಿಯಿತು. ರೀವ್ ತೀರಿಕೊಂಡದ್ದು 2004ರ ಅಕ್ಟೋಬರಿನಲ್ಲಿ; ಅದೇ ವರ್ಷ ಚಿಲಿ ಸರ್ಕಾರ ತನ್ನ ಬರ್ನಾರ್ಡೊ ಓಹಿಗಿನ್ಸ್ ಪದಕವನ್ನು ಅವರಿಗೆ ಕೊಟ್ಟಿತ್ತು.